ತಾಬಾ ಮತ್ತು ಪೋಟಗಿ

ಧಾರವಾಡದ ಕಡೆ ಕೋರ್ಟು ಕಚೇರಿಗಳ ಅಂಗಳದಲ್ಲಿ ದಿನಾ ಕೇಳಿಬರುವ ಎರಡು ಮಾತುಗಳಿವೆ. ಒಂದು ತಾಬಾ, ಇನ್ನೊಂದು ಪೋಟಗಿ. ಎರಡೂ ಮರಾಠಿಯ ಕಡೆಯಿಂದ ಬಂದವು. 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತಾದ್ದರಿಂದ ಅಲ್ಲಿಯ ಕಚೇರಿಯ ಮಾತು ಇಲ್ಲಿಯ ಎರೆಮಣ್ಣಿನಲ್ಲೂ ಬೇರೂರಿತು. ಮೈಸೂರು ಕಡೆಯವರು 'ಜೀವನಾಂಶ' ಎಂದು ಸಂಸ್ಕೃತದಲ್ಲಿ ಹೇಳುವುದನ್ನು ನವಲಗುಂದದ ಮುದುಕಿ 'ಪೋಟಗಿ' ಎನ್ನುತ್ತಾಳೆ. ಮರಾಠಿಯಲ್ಲಿ ಪೋಟ ಎಂದರೆ ಹೊಟ್ಟೆ. ಹೊಟ್ಟೆಗೆಂದು ಕೊಡುವುದು ಪೋಟಗಿ. ಜೀವನಾಂಶಕ್ಕಿಂತ ಈ ಮಾತೇ ಹೆಚ್ಚು ನೇರ.

ತಾಬಾ ಎಂದರೆ ವಶ, ಸ್ವಾಧೀನ. ಹೊಲದ ತಾಬಾ ಯಾರದು, ಮನೆಯ ತಾಬಾ ಯಾರಿಗೆ ಸಿಕ್ಕಿತು ಎಂದು ಕೇಳುವ ಹಾಗೆಯೇ ಗಂಡ ಹೆಂಡತಿ ಬೇರೆಯಾದಾಗ 'ಕೂಸಿನ ತಾಬಾ ಯಾರಿಗಾತು?' ಎಂದು ಕೇಳುತ್ತಾರೆ. ಹೊಲಕ್ಕೂ ಕೂಸಿಗೂ ಒಂದೇ ಮಾತು. ಮಕ್ಕಳು ತಂದೆ ತಾಯಿಯ ಸೊತ್ತಲ್ಲ, ಆಟದ ಸಾಮಾನೂ ಅಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ ನಿಜ. ಆದರೆ ಮಾತು ತನ್ನ ಹಳೆಯ ಅರ್ಥವನ್ನು ಅಷ್ಟು ಬೇಗ ಬಿಡುವುದಿಲ್ಲ. ಜನರು ಕೂಸಿಗಾಗಿ ಕಾದುವ ರೀತಿಯೂ ಬದುವಿಗಾಗಿ ಕಾದುವ ರೀತಿಗೆ ತೀರ ದೂರವಿಲ್ಲ.

ಕಾಯ್ದೆ ಈ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಕೂಸು ಯಾರ ಹತ್ತಿರ ಬೆಳೆಯಬೇಕು ಎಂಬುದು ಒಂದು ಪ್ರಶ್ನೆ. ಅದರ ಊಟ, ಅರಿವೆ, ಸಾಲೆ, ಔಷಧಕ್ಕೆ ಹಣ ಯಾರು ಕೊಡಬೇಕು ಎಂಬುದು ಮತ್ತೊಂದು. ಆದರೆ ಊರಿನ ಗುಡಿಯ ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರು ಕೂತು ಬಗೆಹರಿಸಲು ತೊಡಗಿದರೆ ಇವು ಒಂದೇ ತಕ್ಕಡಿಯ ಎರಡು ತಟ್ಟೆಗಳಾಗುತ್ತವೆ. ಒಂದನ್ನು ಏರಿಸಬೇಕಾದರೆ ಇನ್ನೊಂದನ್ನು ಇಳಿಸಬೇಕು.

ಕುಂದಗೋಳದ ಕಡೆಯ ಹುಡುಗಿಯೊಬ್ಬಳನ್ನು ನವಲಗುಂದದ ಕಡೆಗೆ ಕೊಟ್ಟಿದೆ ಎಂದಿಟ್ಟುಕೊಳ್ಳಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಯಿತು. ಹೆಸರಿಡುವ ದಿನ ಕಲಘಟಗಿಯ ಬಣ್ಣದ ತೊಟ್ಟಿಲು ಬಂತು. ಕಲಘಟಗಿಯ ಚಿತ್ರಗಾರರು ಅರಗಿನ ಬಣ್ಣ ಹಾಕಿ ಮಾಡುವ ಈ ತೊಟ್ಟಿಲುಗಳು ತಲೆಮಾರು ಬಾಳುವಂಥವು, ತವರಿನವರು ಕೈಲಾದರೆ ಕೊಡಿಸುವಂಥವು. ಮೊದಲು ಗಂಡುಮಗ, ಮೂರು ವರ್ಷಕ್ಕೆ ಹೆಣ್ಣುಮಗಳು. ಅದೇ ತೊಟ್ಟಿಲಲ್ಲಿ ಇಬ್ಬರೂ ಮಲಗಿ ಎದ್ದರು. ಹುಡುಗನಿಗೆ ಏಳು, ಹುಡುಗಿಗೆ ನಾಲ್ಕು ಆಗುವ ಹೊತ್ತಿಗೆ ಅವಳು ಬ್ಯಾಗು ಹಿಡಿದು ತವರಿಗೆ ಬಂದಳು. ಯಾಕೆ ಬಂದಳು ಎಂಬುದು ಇಲ್ಲಿ ಬೇಡ. ಅದಕ್ಕೆ ಎರಡೂ ಊರಿನಲ್ಲಿ ಒಂದೊಂದು ಕಥೆ ಇರುತ್ತದೆ, ಎರಡೂ ಅರ್ಧರ್ಧ ನಿಜ ಇರುತ್ತವೆ.

ಆರು ತಿಂಗಳು ಕಳೆದ ಮೇಲೆ ಹಿರಿಯರು ಕೂಡುತ್ತಾರೆ. ಸಾಮಾನಿನ ಯಾದಿ ಓದಲಾಗುತ್ತದೆ: ಬಾಂಡೆ ಸಾಮಾನು ಇಷ್ಟು, ಟ್ರಂಕು ಒಂದು, ಬಂಗಾರ ಇಷ್ಟು ತೊಲಿ, ತೊಟ್ಟಿಲು ಒಂದು. ಯಾದಿಯ ಕೊನೆಗೆ ಮಕ್ಕಳ ಮಾತು ಬರುತ್ತದೆ.

"ಗಂಡಹುಡುಗ ನಮ್ಮ ಮನಿ ವಂಶ. ಅವ ಇಲ್ಲೇ ಇರತಾನ. ಹೆಣ್ಣಕೂಸನ್ನ ಬೇಕಾದ್ರ ನೀ ಒಯ್ಯಿ. ಆದ್ರ ಪೋಟಗಿ ಗೀಟಗಿ ಅಂತ ಕೋರ್ಟಿಗೆ ಹೋಗಬ್ಯಾಡ."

"ಇಬ್ರನ್ನೂ ಕೊಡ್ರಿ, ನಾ ಒಂದ ಪೈಸಾನೂ ಕೇಳೂದಿಲ್ಲ," ಎನ್ನುತ್ತಾಳೆ ಅವಳು.

ಇಡೀ ವ್ಯವಹಾರದಲ್ಲಿ ಹೃದಯವನ್ನು ಹಿಂಡುವ ಮಾತು ಇದೇ. ಕೇಳುವವರಿಗೆ ಅದು ತಾಯಿಯ ಔದಾರ್ಯದಂತೆ ಕಾಣುತ್ತದೆ, ಹಿರಿಯರೂ ಮೆಚ್ಚಿ ತಲೆದೂಗುತ್ತಾರೆ. ಆದರೆ ಅವಳು ಬಿಟ್ಟುಕೊಟ್ಟದ್ದು ಅವಳದಲ್ಲ. ಆ ಪೈಸಾ ಮಕ್ಕಳ ಹೊಟ್ಟೆಯದು. ಮುಂದೆ ತವರಿನಲ್ಲಿ ಅಣ್ಣನ ಹೆಂಡತಿ ಹಾಲಿನ ತಂಬಿಗೆ ಅಳೆದು ನೋಡುವ ದಿನ ಬಂದಾಗ, ಸಾಲೆಯ ಫೀ ತುಂಬಲು ಮೆಣಸಿನಕಾಯಿ ಬಿಡಿಸುವ ಕೂಲಿಯನ್ನೇ ನಂಬಬೇಕಾದಾಗ, ಅಂದಿನ ಔದಾರ್ಯದ ಬಡ್ಡಿ ಕಟ್ಟುವವರು ಆ ಇಬ್ಬರು ಮಕ್ಕಳು.

ಕಟ್ಟೆಯ ಮೇಲೆ ಬರೆದ ಕಾಗದಕ್ಕೆ ಎಷ್ಟು ಬೆಲೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಶಿಲಾಶಾಸನವೆಂದು ನಂಬಿ ಕೂತವರು ಬಹಳ. ಉತ್ತರ ಕರ್ನಾಟಕದ ಹಲವು ಜಾತಿಗಳಲ್ಲಿ ಸೋಡಚೀಟಿ ಕೊಟ್ಟು ಬೇರೆಯಾಗುವುದು, ಮುಂದೆ ಉಡಿಕಿ ಮಾಡಿಕೊಳ್ಳುವುದು ಹಳೆಯ ರೂಢಿ. 1955ರ ಹಿಂದೂ ವಿವಾಹ ಕಾಯ್ದೆ ಆ ರೂಢಿಯನ್ನು ಅಳಿಸಲಿಲ್ಲ. 29ನೆಯ ಕಲಮಿನಲ್ಲಿ ಅದಕ್ಕೆ ಜಾಗ ಬಿಟ್ಟಿದೆ, ರೂಢಿ ಇದೆ ಎಂದು ರುಜುವಾತು ಮಾಡುವ ಭಾರ ಮಾತ್ರ ಹೇಳಿದವರ ಮೇಲೆ. ಹಾಗೆ ರುಜುವಾತಾದರೆ ಬಿಡುಗಡೆ ಸರಿಯಾಗಬಹುದು. ಆದರೆ ಆ ಬಿಡುಗಡೆ ಇಬ್ಬರು ದೊಡ್ಡವರ ನಡುವಿನದು. ಮಗುವಿನ ಪೋಟಗಿಯನ್ನು ತಾಯಿ ಬಿಟ್ಟುಕೊಟ್ಟಿದ್ದಾಳೆ ಎಂಬ ಸಾಲು ಮಗುವನ್ನು ಕಟ್ಟಿಹಾಕುವುದಿಲ್ಲ. ಸಹಿ ಹಾಕಿದ ಮರುದಿನವೇ ಆ ಮಗುವಿನ ಹೆಸರಿನಲ್ಲಿ ತಾಯಿ ಅರ್ಜಿ ಹಾಕಬಹುದು. ಕೋರ್ಟಿನಲ್ಲೇ ಇಬ್ಬರೂ ಒಪ್ಪಿ ಪಡೆದ ವಿಚ್ಛೇದನಕ್ಕೂ ಈ ಮಾತು ಸಲ್ಲುತ್ತದೆ.

ವಿವಾಹ ಕಾಯ್ದೆಯ 26ನೆಯ ಕಲಮು ಮಕ್ಕಳಿಗೆ ಸಂಬಂಧಿಸಿದ್ದು. ತಾಬಾ, ಪೋಟಗಿ, ವಿದ್ಯೆ ಮೂರನ್ನೂ ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ, ಆದರೆ ಒಂದನ್ನು ಇನ್ನೊಂದರ ಬೆಲೆಯಾಗಿ ಹೇಳುವುದಿಲ್ಲ. ಪ್ರಕರಣ ನಡೆಯುತ್ತಿರುವಾಗಲೂ ಆದೇಶ ಮಾಡಬಹುದು, ತೀರ್ಪಾದ ಮೇಲೂ ಬದಲಿಸಬಹುದು. ನಾಲ್ಕು ವರ್ಷದ ಹುಡುಗಿಗೆ ಹದಿನಾಲ್ಕಾದಾಗ ಅವಳ ಖರ್ಚು ಬೇರೆ, ಮನಸ್ಸೂ ಬೇರೆ. ಅದಕ್ಕೇ ಮಕ್ಕಳ ವಿಷಯದ ಆದೇಶಕ್ಕೆ ಕೊನೆಯ ಮೊಳೆ ಹೊಡೆಯುವ ಪದ್ಧತಿ ಇಲ್ಲ.

ತಾಬಾದ ವಿಷಯದಲ್ಲಿ ಊರಿನವರ ನಂಬಿಕೆ ಒಂದು, ಕಾಯ್ದೆ ಇನ್ನೊಂದು. ಐದು ವರ್ಷ ತುಂಬದ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಅಲ್ಪವಯಸ್ಕರ ಪಾಲಕತ್ವದ ಕಾಯ್ದೆ ಹೇಳುತ್ತದೆ. ಇದನ್ನು ತಿರುವಿ ಹಾಕಿ, ಐದು ತುಂಬಿದ ದಿನವೇ ಕೂಸು ಅಪ್ಪನದಾಯಿತು ಎಂದು ಸಾರುವವರುಂಟು. ಹಾಗೇನೂ ಇಲ್ಲ. ಐದರ ನಂತರವೂ ಮಗುವಿನ ಹಿತವೇ ಮೊದಲು ಎಂದು ಅದೇ ಕಾಯ್ದೆಯ 13ನೆಯ ಕಲಮು ಹೇಳುತ್ತದೆ. ತಂದೆ ಮೊದಲ ಪಾಲಕ, 'ಅವನ ನಂತರ' ತಾಯಿ ಎಂಬ ಮಾತು ಆ ಕಾಯ್ದೆಯಲ್ಲಿದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಜರ್ವ್ ಬ್ಯಾಂಕಿನ ಬಾಂಡು ಕೊಳ್ಳಹೋದಾಗ ಬ್ಯಾಂಕು ತಂದೆಯ ಸಹಿ ಕೇಳಿತು. ಆ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1999ರ ಫೆಬ್ರುವರಿಯಲ್ಲಿ ತೀರ್ಪು ಬಂತು. 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ತಾಯಿಯೇ ಪಾಲಕಿ ಎಂದು ಅರ್ಥವಾಯಿತು.

ಇನ್ನು ವಂಶದ ಮಾತು. ಗಂಡುಹುಡುಗನನ್ನು ಹಿಡಿದಿಟ್ಟುಕೊಳ್ಳುವ ಮನೆಗಳಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಆ ಪ್ರೀತಿಯ ಬುಡದಲ್ಲಿ ಉತಾರದ ಕಾಗದವೂ ಇರುತ್ತದೆ. ಹುಡುಗ ಇಲ್ಲಿದ್ದರೆ ಅವನ ಪಾಲಿನ ಹೊಲ ಇಲ್ಲಿದ್ದಂತೆ, ಹುಡುಗಿ ಹೋದರೆ ಖರ್ಚು ಹೋದಂತೆ ಎಂಬ ಲೆಕ್ಕ. ಲೆಕ್ಕ ಹಳೆಯದಾಗಿದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ, ಇಡೀ ದೇಶದಲ್ಲಿ 2005ರಿಂದ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಹುಟ್ಟಿನಿಂದ ಪಾಲಿದೆ. ತಾಯಿಯ ಕಂಕುಳಲ್ಲಿ ಕುಂದಗೋಳದ ಬಸ್ಸು ಹತ್ತಿದ ನಾಲ್ಕು ವರ್ಷದ ಹುಡುಗಿಗೂ ನವಲಗುಂದದ ಆ ಎರೆಹೊಲದಲ್ಲಿ ಅಣ್ಣನಷ್ಟೇ ಪಾಲು. ಕೂಸಿನ ತಾಬಾ ಬದಲಾದರೆ ಪಾಲು ಬದಲಾಗುವುದಿಲ್ಲ. ಅಣ್ಣ ತಂಗಿಯರನ್ನು ಎರಡು ಊರಿಗೆ ಹಂಚುವುದು ನ್ಯಾಯಾಧೀಶರಿಗೂ ಸಾಮಾನ್ಯವಾಗಿ ಒಗ್ಗುವ ಮಾತಲ್ಲ. ಹುಡುಗ ಬುದ್ಧಿ ಬಂದವನಾದರೆ ಅವನನ್ನೂ ಕೇಳುತ್ತಾರೆ.

ಕಟ್ಟೆಯ ರಾಜಿ ಮುರಿದು ಅವಳು ಕೋರ್ಟಿಗೆ ಹೋದಳು ಎನ್ನಿ. ಹಳ್ಳಿಗಳಲ್ಲಿ 'ನೂರಾಇಪ್ಪತ್ತೈದು' ಎಂದೇ ಹೆಸರಾದ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ನಂಬರು ಬದಲಾದರೂ ಮಾತು ಹೆಚ್ಚುಕಡಿಮೆ ಅದೇ. ಹೆಂಡತಿ ತಾನಿರುವ ಊರಿನ ತಾಲೂಕು ಮ್ಯಾಜಿಸ್ಟ್ರೇಟರ ಬಳಿಯೇ ಅರ್ಜಿ ಕೊಡಬಹುದು, ಗಂಡನ ತಾಲೂಕಿಗೆ ಓಡಬೇಕಿಲ್ಲ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಪುಕ್ಕಟೆ. 1955ರಿಂದ 2001ರವರೆಗೆ ಇಂಥ ಪೋಟಗಿಗೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. ನಾಲ್ಕು ದಶಕ ಜೋಳದ ದರ ಏರುತ್ತಲೇ ಹೋದರೂ ಹೊಟ್ಟೆಯ ದರ ಐನೂರಕ್ಕೇ ನಿಂತಿತ್ತು! 2001ರ ತಿದ್ದುಪಡಿಯಲ್ಲಿ ಮಿತಿ ಹೋಯಿತು, ಮಧ್ಯಂತರ ಪೋಟಗಿಯ ಅರ್ಜಿಯನ್ನು ಸಾಧ್ಯವಾದಷ್ಟೂ 60 ದಿನದಲ್ಲಿ ಮುಗಿಸಬೇಕೆಂಬ ಮಾತು ಸೇರಿತು. ಮಗುವಿನ ಈ ಹಕ್ಕಿಗೆ ಧರ್ಮದ ಅಡ್ಡಿಯೂ ಇಲ್ಲ. ಮುಸ್ಲಿಂ ತಂದೆಯೂ ಮಕ್ಕಳು ಪ್ರಾಯಕ್ಕೆ ಬರುವವರೆಗೆ ಪೋಟಗಿ ಕೊಡಬೇಕು, ತಾಯಿಗೆ ತಲಾಖ್ ಆದದ್ದರಿಂದ ಅದು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 1997ರಲ್ಲಿ ಸ್ಪಷ್ಟಪಡಿಸಿದೆ.

ನೋಟೀಸು ನವಲಗುಂದ ಮುಟ್ಟುತ್ತದೆ. ವಕೀಲರ ಕೋಣೆಯಲ್ಲಿ ಆಡದೆಯೂ ಎಲ್ಲರಿಗೂ ಗೊತ್ತಿರುವ ಒಂದು ಪಟ್ಟು ಇಲ್ಲಿ ಬೀಳುತ್ತದೆ. ಆರು ತಿಂಗಳು ಹುಡುಗಿಯ ಮುಖ ನೋಡಲು ಬಾರದ ಅಪ್ಪ ಪೋಟಗಿಯ ನೋಟೀಸು ಬಂದ ವಾರಕ್ಕೇ 'ಇಬ್ಬರ ತಾಬಾನೂ ನನಗೆ ಬೇಕು' ಎಂದು ಅರ್ಜಿ ಹಾಕುತ್ತಾನೆ. ಕೂಸೇ ತನ್ನ ಬಳಿ ಬಂದರೆ ಕೂಸಿನ ಪೋಟಗಿ ಯಾರಿಗೆ ಕೊಡುವುದು ಎಂಬುದು ಹಿಂದಿನ ಯೋಚನೆ. ಕೂಸು ಬೇಕೆಂದು ಅಲ್ಲ, ತಾಯಿ ಹೆದರಲಿ ಎಂದು. ಪೋಟಗಿ ಅರ್ಜಿ ತಾಲೂಕಿನಲ್ಲಿ, ತಾಬಾದ ಅರ್ಜಿ ಸಾಮಾನ್ಯವಾಗಿ ಮೇಲಿನ ಕೋರ್ಟಿನಲ್ಲಿ. ಎರಡು ಕೋರ್ಟು, ಎರಡು ತಾರೀಖು, ಎರಡು ದಿನದ ಕೂಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಗಿ ಒಂದು ಖರ್ಚು ಇಳಿದಿದೆ, ಆದರೆ ಹೋದ ದಿನದ ಕೂಲಿಯನ್ನು ಯಾವ ಕಂಡಕ್ಟರನೂ ಹಿಂದಿರುಗಿಸುವುದಿಲ್ಲ. ಹೆದರಿಕೆ ಕೆಲಸ ಮಾಡುತ್ತದೆ. ಎಷ್ಟೋ ಅರ್ಜಿಗಳು ಲೋಕ ಅದಾಲತ್ತಿಗೆ ಬರುವ ಹೊತ್ತಿಗೆ ಮತ್ತೆ ಕಟ್ಟೆಯ ಮಾತಿಗೇ ಬಂದು ನಿಲ್ಲುತ್ತವೆ: ನೀ ಅದನ್ನು ಬಿಡು, ನಾ ಇದನ್ನು ಬಿಡತೀನಿ.

ಹೆದರದೆ ನಿಂತರೆ ಅವನು ಕೊಡುವ ಉತ್ತರ ಉತಾರ. ಹೊಲ ಅಪ್ಪನ ಹೆಸರಿನಲ್ಲಿದೆ, ನನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ, ನಾನು ಕೂಲಿ ಮಾಡುವವ. ಹತ್ತಿ ಮಾರಿದ ಹಣ ಯಾರ ಖಾತೆಗೆ ಬಿತ್ತು, ಟ್ರ್ಯಾಕ್ಟರಿನ ಕಂತು ಯಾರು ಕಟ್ಟುತ್ತಾರೆ ಎಂದು ಕೇಳುವವರಿಲ್ಲದೆ ಈ ಉತ್ತರ ಬಹಳ ಕಾಲ ನಡೆಯಿತು. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ದೇಶದ ಎಲ್ಲ ಪೋಟಗಿ ಪ್ರಕರಣಗಳಿಗೂ ಒಂದು ಕ್ರಮ ಹಾಕಿತು. ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚಿನ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಸುಳ್ಳು ಬರೆದರೆ ಅದಕ್ಕೆ ಬೇರೆ ಕ್ರಮ. ಪೋಟಗಿಯನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು, ತಾರೀಖು ಮುಂದೂಡಿ ಉಳಿಸಿಕೊಳ್ಳುವಂತಿಲ್ಲ. ಹೆಂಡತಿಯೂ ದುಡಿಯುವವಳಾದರೆ ಮಕ್ಕಳ ಖರ್ಚಿನಲ್ಲಿ ಅವಳದೂ ಪಾಲು ಉಂಟು. ಅಂಗನವಾಡಿಯಲ್ಲೋ ಸಾಲೆಯಲ್ಲೋ ಪಗಾರ ಪಡೆಯುವ ತಾಯಂದಿರು ಈಗ ಇರುವುದರಿಂದ ಇದನ್ನೂ ಹೇಳುವುದು ನ್ಯಾಯ.

ಆದೇಶವಾಯಿತು, ಮಕ್ಕಳಿಗೆ ತಿಂಗಳಿಗೆ ಇಷ್ಟು. ಇಲ್ಲೊಂದು ತೊಡಕಿದೆ, ಪಗಾರದ ಊರಿನವರಿಗೆ ಅದು ಕಾಣುವುದಿಲ್ಲ. ಕೋರ್ಟಿನ ಕ್ಯಾಲೆಂಡರಿಗೆ ಹನ್ನೆರಡು ತಿಂಗಳು, ನವಲಗುಂದದ ಹೊಲಕ್ಕೆ ಎರಡೇ ತಿಂಗಳು. ಮುಂಗಾರು ಕೈಹಿಡಿದರೆ ಹೆಸರುಕಾಳು ಬಂದಾಗ ಒಂದಿಷ್ಟು, ಹಿಂಗಾರಿಯ ಕಡಲೆ ಬಂದಾಗ ಒಂದಿಷ್ಟು ಹಣ. ಕುಂದಗೋಳದಲ್ಲಿ ಮೆಣಸಿನಕಾಯಿ, ಕಲಘಟಗಿಯ ಕಡೆ ಭತ್ತ, ಗೋವಿನಜೋಳ. ನಡುವಿನ ತಿಂಗಳುಗಳಲ್ಲಿ ನಿಜವಾಗಿಯೂ ಕೈ ಬರಿದಾಗಿರುತ್ತದೆ. ಕೊಡುವ ಮನಸ್ಸಿದ್ದವನದೂ ಬಾಕಿ ಬೀಳುತ್ತದೆ, ಕೊಡದವನಿಗೆ ಅದು ನೆಪವಾಗುತ್ತದೆ. ಹಳೆಯ ಕಾಲದ ಹಿರಿಯರು ವರ್ಷಕ್ಕೆ ಇಷ್ಟು ಚೀಲ ಜೋಳ ಎಂದು ಬರೆಸುತ್ತಿದ್ದದ್ದು ಈ ಒಂದು ವಿಷಯದಲ್ಲಿ ಜಾಣತನವೇ. ಇಬ್ಬರೂ ಒಪ್ಪಿದರೆ ಸುಗ್ಗಿಗೆ ಒಟ್ಟಿಗೆ ತುಂಬುವಂತೆ ಬರೆಸಲು ಇಂದೂ ಯಾರೂ ಬೇಡ ಎನ್ನಲಾರರು. ಒಪ್ಪಂದವಿಲ್ಲದೆ ಬಾಕಿ ಬಿದ್ದರೆ ತಾಯಿ ಒಂದು ಮಾತನ್ನು ಮರೆಯಬಾರದು. ಬಾಕಿ ವಸೂಲಿಯ ಅರ್ಜಿಯನ್ನು ಅದು ಬಾಕಿಯಾದ ಒಂದು ವರ್ಷದೊಳಗೆ ಕೊಡಬೇಕು, ಇಲ್ಲವಾದರೆ ಅದಕ್ಕೆ ವಾರಂಟು ಹೊರಡುವುದಿಲ್ಲ. ಬರಗಾಲ ಕಳೆಯಲಿ, ಮುಂದಿನ ಸುಗ್ಗಿಗೆ ಕೇಳೋಣ ಎಂದು ಕನಿಕರದಿಂದ ಕಾದು ವರ್ಷ ಕಳೆದುಕೊಂಡ ಹೆಣ್ಣುಮಕ್ಕಳಿಗೆ ಕಾಯ್ದೆಯಲ್ಲಿ ಕನಿಕರವಿಲ್ಲ. ವಾರಂಟು ಬಂದರೂ ಕೊಡದವನಿಗೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿನಲ್ಲಿ ಕೂತು ಬಂದರೂ ಬಾಕಿ ತೀರುವುದಿಲ್ಲ.

ಅಪ್ಪಂದಿರ ಕಡೆಗೂ ಒಂದು ದುಃಖವಿದೆ. ಪ್ರತಿ ತಿಂಗಳೂ ಹಣ ತುಂಬುವವನಿಗೆ ಕೂಸಿನ ಮುಖ ತೋರಿಸದ ತವರುಮನೆಗಳೂ ಇವೆ. 'ಇವತ್ತ ಜ್ವರ ಬಂದೈತಿ,' 'ಅಜ್ಜಿ ಊರಿಗೆ ಹೋಗ್ಯಾನ' ಎಂಬ ಮಾತುಗಳನ್ನು ಬಾಗಿಲಲ್ಲೇ ಕೇಳಿ, ತಂದ ಪಂಚಮಿ ಉಂಡಿಯನ್ನು ಕಟ್ಟೆಯ ಮೇಲಿಟ್ಟು ಹಿಂತಿರುಗುವ ಅಪ್ಪ ಮುಂದಿನ ತಿಂಗಳು ಹಣ ನಿಲ್ಲಿಸುತ್ತಾನೆ. ನಿಲ್ಲಿಸಿದ್ದಕ್ಕೆ ಅವಳು ಭೇಟಿ ಪೂರ್ತಿ ನಿಲ್ಲಿಸುತ್ತಾಳೆ. ಇಬ್ಬರಿಗೂ ತಾವು ಮಾಡಿದ್ದೇ ಸರಿ ಎನಿಸುತ್ತದೆ, ಏಕೆಂದರೆ ಇಬ್ಬರೂ ಇದನ್ನು ಸಂತೆಯ ವ್ಯವಹಾರದಂತೆ ಕಾಣುತ್ತಾರೆ: ಹಣ ಕೊಟ್ಟರೆ ಮಾಲು, ಮಾಲು ಕೊಟ್ಟರೆ ಹಣ. ಕಾಯ್ದೆಯಲ್ಲಿ ಈ ಕೊಂಡಿ ಇಲ್ಲ. ಭೇಟಿ ತಪ್ಪಿಸಿದರೆ ಅದಕ್ಕೆ ಬೇರೆ ಅರ್ಜಿ ಇದೆ, ಕೋರ್ಟು ಅದನ್ನು ಗಂಭೀರವಾಗಿ ನೋಡುತ್ತದೆ, ಪಟ್ಟು ಹಿಡಿದ ತಾಯಿಯ ಬಳಿಯಿಂದ ತಾಬಾ ಬದಲಾಗುವುದೂ ಉಂಟು. ಆದರೆ ಅದಕ್ಕಾಗಿ ಮಗುವಿನ ಊಟ ನಿಲ್ಲಿಸುವ ಹಾಗಿಲ್ಲ. ಹಾಗೆಯೇ ಹಣ ಬರಲಿಲ್ಲ ಎಂದು ಮಗುವಿಗೆ ಅಪ್ಪನನ್ನು ತಪ್ಪಿಸುವಂತೆಯೂ ಇಲ್ಲ. ಅಪ್ಪನನ್ನು ನೋಡುವುದು ಅಪ್ಪನಿಗೆ ಸಿಕ್ಕ ಬಹುಮಾನವಲ್ಲ, ಅದೂ ಮಗುವಿಗೆ ಬೇಕಾದ ಆಹಾರವೇ.

ಎರಡನ್ನೂ ಸಮನಾಗಿ ಹಂಚಿದರೆ ಹೇಗೆ? ಕರ್ನಾಟಕ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ 2013ರಲ್ಲಿ ಅಂಥದೊಂದು ತೀರ್ಪು ಕೊಟ್ಟಿತು. ಮಗು ಜನವರಿಯಿಂದ ಜೂನ್ ಕೊನೆಯವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ಕೊನೆಯವರೆಗೆ ತಾಯಿಯ ಬಳಿ. ಖರ್ಚು ಇಬ್ಬರಿಗೂ ಅರ್ಧರ್ಧ. ಒಬ್ಬರ ಬಳಿ ಇರುವಾಗ ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ, ಫೋನಿನಲ್ಲಿ ಮಾತು. 2015ರಲ್ಲಿ ಕಾನೂನು ಆಯೋಗ ತನ್ನ 257ನೆಯ ವರದಿಯಲ್ಲಿ ಈ ತೀರ್ಪನ್ನು ಉದಾಹರಿಸಿ, ಜಂಟಿ ತಾಬಾಕ್ಕೆ ಕಾಯ್ದೆಯಲ್ಲೇ ಜಾಗ ಮಾಡಬೇಕೆಂದು ಶಿಫಾರಸು ಮಾಡಿತು. ಒಂದೇ ಪಟ್ಟಣದಲ್ಲಿರುವ ಇಬ್ಬರಿಗೆ ಇದು ಹೊಂದೀತು. ಅಣ್ಣಿಗೇರಿಯಲ್ಲಿ ಅಪ್ಪ, ಕಲಘಟಗಿಯಲ್ಲಿ ಅವ್ವ ಇದ್ದರೆ, ಮೇ ಕೊನೆಗೆ ಸಾಲೆ ಸುರುವಾಗಿ ಜುಲೈ 1ಕ್ಕೆ ಹುಡುಗ ಪಾಟೀಚೀಲ ಹೊತ್ತು ಊರು ಬದಲಿಸಬೇಕು. ಜಂಟಿ ತಾಬಾದ ನ್ಯಾಯ ದೊಡ್ಡವರಿಗೆ ಸಮನಾಗಿ ಕಂಡಷ್ಟು ಸಾಲೆಯ ಹಾಜರಿ ಪುಸ್ತಕಕ್ಕೆ ಕಾಣುವುದಿಲ್ಲ. ಇಂಥಲ್ಲಿ ಒಂದು ಊರಿನಲ್ಲಿ ಮನೆ, ಇನ್ನೊಂದು ಊರಿನಲ್ಲಿ ಸೂಟಿ ಎಂಬ ಏರ್ಪಾಡೇ ಮೇಲು.

ತಾಬಾ ಮತ್ತು ಹಣವನ್ನು ಕಾಯ್ದೆಯಲ್ಲೇ ಜೋಡಿಸಿದ ದೇಶವೂ ಉಂಟು. ಬ್ರಿಟನ್ನಿನಲ್ಲಿ ಮಗು ವರ್ಷಕ್ಕೆ ಎಷ್ಟು ರಾತ್ರಿ ಹಣ ಕೊಡುವವನ ಮನೆಯಲ್ಲಿ ಮಲಗಿತು ಎಂದು ಎಣಿಸುತ್ತಾರೆ. 52 ರಾತ್ರಿ ತುಂಬಿದರೆ ಏಳರಲ್ಲೊಂದು ಪಾಲು ಕಡಿತ, 104 ತುಂಬಿದರೆ ಏಳರಲ್ಲೆರಡು. ಲೆಕ್ಕ ಖಚಿತವಾಗಿದೆ, ನ್ಯಾಯವಾಗಿಯೂ ಕಾಣುತ್ತದೆ, ಏಕೆಂದರೆ ಮಗು ಅಲ್ಲಿ ಉಂಡ ರಾತ್ರಿ ಇಲ್ಲಿ ಉಣ್ಣುವುದಿಲ್ಲ. ಆದರೆ 51ನೆಯ ರಾತ್ರಿಗೂ 52ನೆಯ ರಾತ್ರಿಗೂ ನಡುವೆ ಜಗಳಕ್ಕೆ ಜಾಗವನ್ನೂ ಅದು ಮಾಡಿಕೊಟ್ಟಿದೆ. ನಮ್ಮಲ್ಲಿ ಅಂಥ ಸೂತ್ರವಿಲ್ಲದ್ದರಿಂದ ಒಂದೊಂದು ಕೋರ್ಟಿನ ಮೊತ್ತ ಒಂದೊಂದು ಥರ. ರಾತ್ರಿ ಎಣಿಸುವ ಕಾಟ ಇಲ್ಲದಿರುವುದು ಅದರೊಳಗಿನ ಒಂದು ಸಮಾಧಾನ.

ಕೊನೆಗೆ ಉಡಿಕಿಯ ಮಾತು ಉಳಿಯಿತು. ಅವಳು ಇನ್ನೂ ಮೂವತ್ತು ತುಂಬದವಳು. ತವರಿನವರು ಬೇರೆ ಕಡೆ ನೋಡುತ್ತಾರೆ. ಆಗ ನವಲಗುಂದದಿಂದ ಎರಡು ಮಾತು ಒಟ್ಟಿಗೆ ಬರುತ್ತವೆ: ಉಡಿಕಿ ಆದವಳಿಗೆ ಕೂಸಿನ ತಾಬಾ ಇಲ್ಲ, ಹೊಸ ಗಂಡ ಸಾಕುತ್ತಾನಾದ್ದರಿಂದ ಪೋಟಗಿಯೂ ಇಲ್ಲ. ಎರಡೂ ತಪ್ಪು. ಮರುಮದುವೆಯಾದಳೆಂಬ ಒಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನು ಕಸಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ಮರುಮದುವೆಯಿಂದ ನಿಲ್ಲುವುದು ಅವಳ ಸ್ವಂತ ಪೋಟಗಿ ಮಾತ್ರ. ಮಕ್ಕಳದು ನಡೆಯುತ್ತದೆ, ಹದಿನೆಂಟು ತುಂಬುವವರೆಗೆ. ತನ್ನನ್ನು ತಾನು ಸಾಕಿಕೊಳ್ಳಲಾಗದ ಮದುವೆಯಾಗದ ಹೆಣ್ಣುಮಗಳಿಗೆ 1956ರ ಜೀವನಾಂಶ ಕಾಯ್ದೆಯಂತೆ ಅದರ ಆಚೆಗೂ. ಈ ಕಾರಣಕ್ಕೇ ತಿಳಿದ ವಕೀಲರು ಮೊದಲ ಅರ್ಜಿಯಲ್ಲೇ ಹೆಂಡತಿಗೆ ಇಷ್ಟು, ಮಗನಿಗೆ ಇಷ್ಟು, ಮಗಳಿಗೆ ಇಷ್ಟು ಎಂದು ಮೂರು ಸಾಲು ಬೇರೆ ಬೇರೆ ಬರೆಸುತ್ತಾರೆ, ಮೇಲಿನ ಸಾಲಿಗೆ ಗೆರೆ ಬಿದ್ದ ದಿನ ಕೆಳಗಿನ ಎರಡಕ್ಕೆ ಏನೂ ಆಗದಿರಲೆಂದು.